ಒಳಗೆ ಹೋಗದ ಕೋಣೆ

ಮಠ ಅಂದರೆ ನೆಲಕ್ಕೆ ಅಂಟಿಕೊಂಡೇ ಇರಬೇಕು ಅಂತ ಯಾವ ಕಾನೂನೂ ಇಲ್ಲ. ಹಾಲಯ್ಯಜ್ಜಾರ ಮಠಕ್ಕೆ ಆರು ಗಾಲಿ ಇದ್ದವು.

ಅದೊಂದು ಹಳೇ ಬಸ್ಸು. ಲಾರಿಗೆ ಬಾಡಿ ಕಟ್ಟುವ ಭಕ್ತನೊಬ್ಬ ಅದನ್ನೇ ಮನೆ ಮಾಡಿ ಅಜ್ಜಾರಿಗೆ ಒಪ್ಪಿಸಿದ್ದ. ಒಲೆ ಇತ್ತು, ನೀರಿನ ಟಾಕಿ ಇತ್ತು, ಎಲ್ಲಕ್ಕಿಂತ ಹೆಚ್ಚಿನದಾಗಿ ಪಕ್ಕದಲ್ಲೊಂದು ಕೋಣೆ ಇತ್ತು. ಬಸ್ಸು ನಿಂತಾಗ ಗುಂಡಿ ಒತ್ತಿದರೆ ಅದು ಮೇಜಿನ ಖಾನೆಯ ಹಾಗೆ ಮಗ್ಗುಲಿನಿಂದ ಹೊರಗೆ ಸರಿದು ಬರುತ್ತಿತ್ತು. ಅಜ್ಜಾರು ಅಲ್ಲಿ ಗದ್ದುಗೆ ಹಾಕಿಸಿ ಕೂತು ಬಂದವರಿಗೆ ನಾಲ್ಕು ಮಾತು ಹೇಳುತ್ತಿದ್ದರು. ಹೊರಡುವಾಗ ಇನ್ನೊಂದು ಗುಂಡಿ ಒತ್ತಿದರೆ ಕೋಣೆ ಒಳಗೆ.

ಆವತ್ತು ಹೊಳೆ ದಂಡೆಯಲ್ಲಿ ಅದು ಒಳಗೆ ಹೋಗಲಿಲ್ಲ.

ಬಸ್ಸು ಓಡಿಸುವವನೂ ಅಡುಗೆ ಮಾಡುವವನೂ ಶಿಷ್ಯ ಮುಕ್ಕಣ್ಣನೇ. ಅವನು ಗುಂಡಿ ಒತ್ತಿದ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಹಾಗೆ ಕೋಣೆಯ ಮುಂದಿನ ಮೂಲೆ ಸರ್ರನೆ ಒಳಗೆ ಹೋಯಿತು, ಹಿಂದಿನ ಮೂಲೆ ಹೊರಗೇ ನಿಂತಿತು. ಕೋಣೆ ಸೊಟ್ಟಗಾಗಿ ಕಚ್ಚಿಕೊಂಡಿತು.

ಮುಕ್ಕಣ್ಣ ಗಾಬರಿಯಾದ. ಮರುದಿನ ಬೆಳಿಗ್ಗೆ ಸಂಗಮದಲ್ಲಿ ಅವನಿಗೆ ಸನ್ಯಾಸ ದೀಕ್ಷೆ. ಬಸ್ಸು ಸಂಜೆಯೊಳಗೆ ಹೊರಡಬೇಕು. ಕೋಣೆ ಹೀಗೆ ಚಾಚಿಕೊಂಡಿದ್ದರೆ ದಾರಿಯ ಮೊದಲನೇ ಮರಕ್ಕೇ ಗದ್ದುಗೆ ಕಿತ್ತು ಬರುತ್ತದೆ.

ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ಈ ದೀಕ್ಷೆಯ ಮಾತು ಅವನ ಹೆಂಡತಿ ನಿಂಬೆವ್ವನಿಗೆ ಗೊತ್ತಿರಲಿಲ್ಲ. ‘ಅಜ್ಜಾರ ಸೇವಾ ಮಾಡಿ ಬರ್ತೀನಿ’ ಅಂತ ಮನೆ ಬಿಟ್ಟವನು ವರ್ಷವಾದರೂ ಇನ್ನೂ ‘ಬರ್ತೀನಿ’ ಅನ್ನುತ್ತಲೇ ಇದ್ದ.

ಮುಕ್ಕಣ್ಣ ಕೋಣೆ ಸರಿಯುವ ಹಳಿಗೆ ಎಣ್ಣೆ ಬಿಟ್ಟ. ಹಿಂದಿನ ಮೂಲೆಗೆ ಹೆಗಲು ಕೊಟ್ಟು ನೂಕಿದ. ನೂಕಿದಷ್ಟೂ ಕೋಣೆ ಗಟ್ಟಿಯಾಗಿ ಕಚ್ಚಿತು. ಕೊನೆಗೆ ಬೆವರು ಒರೆಸಿಕೊಂಡು ಅಜ್ಜಾರ ಹತ್ತಿರ ಹೋದ.

"ಅಜ್ಜಾರ, ಕೋಣಿ ಒಳಗ ಹೋಗವಲ್ದರಿ."

ಅಜ್ಜಾರು ಹೊಳೆ ನೋಡುತ್ತ ಕೂತಿದ್ದರು. "ಹೊರಗ ಬಿಡು," ಅಂದರು.

ಕೆಟ್ಟದ್ದು ಇಲ್ಲೇ. ಅಜ್ಜಾರ ಮಾತಿಗೆ ಒಳಗೊಂದು ಅರ್ಥ ಇದ್ದೇ ಇರುತ್ತದೆ ಅಂತ ಮುಕ್ಕಣ್ಣನ ನಂಬಿಕೆ. ಒಮ್ಮೆ ಊಟಕ್ಕೆ ಕೂತಾಗ ಅವರು "ಉಪ್ಪು ಕೊಡು" ಅಂದಿದ್ದರು. ಉಪ್ಪು ಅಂದರೆ ಯಾವುದು, ಕೊಡುವವನು ಯಾರು ಅಂತ ಇವನು ಯೋಚಿಸುತ್ತ ನಿಂತ. ಅಜ್ಜಾರು ಪಾಪ, ಸಪ್ಪನೆಯ ಬ್ಯಾಳಿ ಉಂಡು ಎದ್ದರು.

ಈಗ ಹೊರಗ ಬಿಡು ಅಂದರೆ ಏನನ್ನ? ಸಿಟ್ಟನ್ನೋ, ಆಸೆಯನ್ನೋ? ಮುಕ್ಕಣ್ಣ ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ ಕೂತು ತಲೆ ಕೆಡಿಸಿಕೊಂಡ. ಏನೂ ಹೊಳೆಯಲಿಲ್ಲ. ಉದ್ದಕ್ಕೆ ಒಂದು ಉಸಿರು ಬಿಟ್ಟು ಎದ್ದು ಬಂದ. ಕೋಣೆ ಸೊಟ್ಟಗೇ ಇತ್ತು.

"ಬಿಟ್ಟೆನ್ರಿ ಅಜ್ಜಾರ."

"ಏನ್ ಬಿಟ್ಟಿ?"

"ಉಸಿರು."

"ಉಸಿರು ಎಲ್ಲಾರೂ ಬಿಡ್ತಾರ. ಕೋಣಿ ಬಿಡಪಾ, ಕೋಣಿ."

ಮುಕ್ಕಣ್ಣ ಬೆಚ್ಚಿಬಿದ್ದ. ಕೋಣೆ ಬಿಡು ಅಂದರೆ ಗದ್ದುಗೆಯ ಆಸೆ ಬಿಡು ಅಂತಲ್ಲವೇ? ಮನಸ್ಸಿನ ಮೂಲೆಯಲ್ಲಿದ್ದದ್ದು ಇವರಿಗೆ ಹೇಗೆ ಕಂಡಿತು? ನಾಚಿಕೆಯಿಂದ ಮುಖ ಕೆಂಪಾಯಿತು. ಹೋಗಿ ಕಾಲು ಹಿಡಿದ.

"ತಪ್ಪಾತ್ರಿ. ನಿಮ್ಮ ನಂತರ ಆ ಕೋಣ್ಯಾಗ ನಾ ಕೂಡಬೇಕು ಅಂತ ನನಗ ಆಸೆ ಇತ್ತು, ಖರೆ."

"ಹೌದಾ? ನನಗ ಗೊತ್ತ ಇರಲಿಲ್ಲ," ಅಂದರು ಅಜ್ಜಾರು.

ಆಮೇಲೆ ಅವರೇ ಎದ್ದರು. ಮುಕ್ಕಣ್ಣನ ಕೈ ಹಿಡಿದು ಬಸ್ಸಿನೊಳಗೆ ಕರೆದುಕೊಂಡು ಹೋಗಿ, ಅವನ ಬೆರಳನ್ನು ಗುಂಡಿಯ ಮೇಲೆ ಇಟ್ಟರು.

"ಒತ್ತು."

"ಇದು ಹೊರಗ ಕಳಸೋ ಗುಂಡಿರಿ. ನಮಗ ಒಳಗ ಬರಬೇಕಲ್ಲ?"

"ಒತ್ತು."

ಮುಕ್ಕಣ್ಣನಿಗೆ ಏನೂ ತಿಳಿಯದು. ಆದರೂ ಒತ್ತಿದ. ಕೋಣೆ ಗರಗರ ಅಂತ ನರಳಿ ಹೊರಗೆ ಹೊರಟಿತು. ಹಿಂದಿನ ಮೂಲೆ ಮೊದಲು ಹೋಗಿ ಕೊನೆ ತಟ್ಟಿ ನಿಂತಿತು. ಅವನು ಬೆರಳು ತೆಗೆಯಲು ಹೋದ.

"ತಗೀಬ್ಯಾಡ. ಇನ್ನೊಂದು ಮೂಲೀನೂ ತಟ್ಟಲಿ."

ಮುಂದಿನ ಮೂಲೆಯೂ ನಿಧಾನಕ್ಕೆ ಹೋಗಿ ತಟ್ಟಿತು. ಈಗ ಕೋಣೆ ನೆಟ್ಟಗಾಗಿತ್ತು.

"ಎರಡು ಮೂಲಿಗೆ ಎರಡು ಮೋಟರ್ ಐತಿ," ಅಂದರು ಅಜ್ಜಾರು. "ನಡುವ ಕೈ ಬಿಟ್ರ ಒಂದು ಮುಂದ, ಒಂದು ಹಿಂದ ಉಳೀತಾವ. ಪೂರ್ತಿ ಹೊರಗ ಹೋಗಿ ಎರಡೂ ತಟ್ಟಿದ್ರ ಮತ್ತ ಕೂಡತಾವ. ನಿನ್ನಿ ಕೋಣಿ ಹೊರಗ ತಗಿಯೂವಾಗ ನಡುವ ಕೈ ಬಿಟ್ಟಾವ ಯಾರು?"

"ನಾನರಿ. ಫೋನ್ ಬಂದಿತ್ತು."

"ಅದಕ್ಕ ನಾ ಹೊರಗ ಬಿಡು ಅಂದದ್ದು. ಕೋಣಿ ಬಗ್ಗಿ ಕೇಳಿದಿ, ಕೋಣಿ ಬಗ್ಗಿ ಹೇಳಿದೆ."

ಅಷ್ಟೇನಾ ಅಂತ ಮುಕ್ಕಣ್ಣನಿಗೆ ನಗುವೂ ಬಂತು, ಅಳುವೂ ಬಂತು. ಒಳಗೆ ಎಳೆಯುವ ಗುಂಡಿ ಒತ್ತಿದ. ಕೋಣೆ ಎರಡೂ ಕಡೆ ಸಮನಾಗಿ ಸರಿಯತೊಡಗಿತು. ಸಂಗಮ ಸಿಕ್ಕಂತೆಯೇ ಅಂದುಕೊಂಡ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಬೆರಳು ತಾನಾಗಿಯೇ ಗುಂಡಿ ಬಿಟ್ಟಿತು, ಕೋಣೆ ನಡುವೆಯೇ ನಿಂತಿತು. ಆ ಕಡೆ ನಿಂಬೆವ್ವ.

"ತವರೂರಾಗ ಅಂಗನವಾಡಿ ಅಡಗಿ ಕೆಲಸ ಐತಿ ಅಂತ. ನಾಳಿಗೆ ಹೇಳಬೇಕು. ಹೋಗ್ಲೋ, ಇಲ್ಲೇ ಕುಂತು ನಿಮ್ಮ ದಾರಿ ನೋಡ್ಲೋ?"

"ಬರ್ತೀನಿ, ತಡಿ."

"ಬರೂದಿಲ್ಲ ಅಂದ್ರ ಬರೂದಿಲ್ಲ ಅನ್ರಿ. ಅದನ್ನರ ಹೇಳ್ರಿ. ಗಂಡ ಇದ್ದಾಕಿ ಅಂತ ಇರ್ಲೋ, ಇಲ್ಲದಾಕಿ ಅಂತ ಇರ್ಲೋ ನನಗ ತಿಳೀವಲ್ದು."

"ಆಮ್ಯಾಲ ಮಾಡ್ತೀನಿ," ಅಂತ ಫೋನ್ ಇಟ್ಟ.

ಅಜ್ಜಾರು ಬಾಗಿಲಲ್ಲಿ ನಿಂತೇ ಇದ್ದರು. "ಯಾರಪಾ?"

"ಮನ್ಯಾಕಿರಿ."

"ನಾಳಿನ ಸಂಗತಿ ಅಕಿಗೆ ಹೇಳೀಯೇನು?"

"ಇಲ್ರಿ. ಬರ್ತೀನಿ ಅಂದೆ."

"ಹೋಗ್ತಿಯೇನು?"

ಮುಕ್ಕಣ್ಣ ತಲೆ ತಗ್ಗಿಸಿದ. "ಗೊತ್ತಿಲ್ರಿ ಅಜ್ಜಾರ. ಅಕಿ ದನಿ ಕೇಳಿದ್ರ ದೀಕ್ಷಾ ಬ್ಯಾಡ ಅನಸ್ತೈತಿ. ನಿಮ್ಮ ಮುಖಾ ನೋಡಿದ್ರ ಮನಿ ಬ್ಯಾಡ ಅನಸ್ತೈತಿ. ಯಾವದಕ್ಕೂ ಬಾಯಿ ಬರವಲ್ದು. ನಾಚಿಕಿ ಆಗತೈತಿ, ಅಂಜಿಕಿನೂ ಆಗತೈತಿ."

ಅಜ್ಜಾರು ಬಾಗಿಲು ಬಿಟ್ಟು ಅವನ ಹತ್ತಿರ ಬಂದರು.

"ಹೊರಗ ಹೋಗು," ಅಂದರು. "ಪೂರ್ತಿ ಹೊರಗ."

ಮುಕ್ಕಣ್ಣ ಈ ಸಲ ತಡಮಾಡಲಿಲ್ಲ. ಒಳಗಿನ ಅರ್ಥ ಹುಡುಕುವ ಗೊಡವೆಗೂ ಹೋಗಲಿಲ್ಲ. ಕಲಿತ ಶಿಷ್ಯನ ಹಾಗೆ ನೇರವಾಗಿ ಕೈ ಚಾಚಿ ಹೊರಗೆ ಕಳಿಸುವ ಗುಂಡಿ ಒತ್ತಿದ.

ಅಜ್ಜಾರು ಅವನ ಕೈಯನ್ನು ಮೆಲ್ಲಗೆ ಗುಂಡಿಯಿಂದ ಸರಿಸಿದರು.

"ಕೋಣಿ ಇರಲಿ ಬಿಡೋ. ಈ ಸಲ ನಿನಗ ಹೇಳಿದ್ದು."