ಗಿಡ್ಡ ಸ್ಕ್ರೂವಿನ ಹಿಡಿತ

ನಾಗವೇಣಿ ತನ್ನ ಫೋಟೋ ಸ್ಟುಡಿಯೋದ ಕಂಪ್ಯೂಟರಿಗೆ ಇನ್ನೊಂದು ಹಾರ್ಡ್ ಡಿಸ್ಕ್ ಕೂರಿಸುತ್ತಿದ್ದಳು. ಊರಿನ ಮದುವೆ ಫೋಟೋಗಳೆಲ್ಲ ಆ ಡಿಸ್ಕಿನೊಳಗಿದ್ದವು.

ಮೇಜಿನ ಮೇಲಿದ್ದ ಉದ್ದ ಸ್ಕ್ರೂ, "ಪಕ್ಕಕ್ಕೆ ಸರಿಯೋ! ಆಳಕ್ಕಿಳಿದವನ ಹಿಡಿತವೇ ಹಿಡಿತ" ಎಂದು ಗಿಡ್ಡ ಸ್ಕ್ರೂವನ್ನು ಗದರಿತು. ನಾಗವೇಣಿಯ ಕೈಗೂ ಉದ್ದನೆಯದೇ ಸಿಕ್ಕಿತು.

ಅದು ಅರ್ಧ ಇಳಿಯುವಷ್ಟರಲ್ಲಿ ಡಿಸ್ಕ್ ಚೀರಿತು: "ನಿಲ್ಲು ಮಾರಾಯ! ಇನ್ನೊಂದು ಸುತ್ತು ತಿರುಗಿದರೆ ನನ್ನ ಹೊಟ್ಟೆ ಸೀಳುತ್ತೀಯ. ಒಳಗಿರುವ ಮದುಮಕ್ಕಳು ಒಬ್ಬರೂ ಉಳಿಯುವುದಿಲ್ಲ!"

"ಇನ್ನೂ ಅರ್ಧ ಹೊರಗಿದ್ದೇನೆ. ನಿಲ್ಲುವವನಲ್ಲ ನಾನು!" ಎಂದಿತು ಸ್ಕ್ರೂ.

ತಿರುಗಿಸಲು ಬಿಗಿಯಾದದ್ದೇ ತಡ, ನಾಗವೇಣಿ ಅದನ್ನು ಬಿಚ್ಚಿಟ್ಟು ಗಿಡ್ಡ ಸ್ಕ್ರೂ ಹಾಕಿದಳು. ಕಂಪ್ಯೂಟರ್ ಚಾಲೂ ಮಾಡಿದಾಗ ಡಿಸ್ಕ್ ಅಲುಗಾಡದೆ ತಿರುಗಿತು, ಮದುವೆ ಫೋಟೋಗಳು ಪರದೆಯ ಮೇಲೆ ಮೂಡಿದವು.

"ಉಗುರಿನಷ್ಟೂ ಇಲ್ಲ, ನೀನು ಹೇಗೆ ಹಿಡಿದೆ?" ಎಂದು ಉದ್ದ ಸ್ಕ್ರೂ ಕೇಳಿತು.

ಗಿಡ್ಡ ಸ್ಕ್ರೂ ತಲೆಯೆತ್ತಿ ಹೇಳಿತು: "ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತೆ. ನೋಡು, ಮದುಮಕ್ಕಳೆಲ್ಲ ಇನ್ನೂ ನಗುತ್ತಿದ್ದಾರೆ."