ಚಂಡಮಾರುತದ ಮೂರು ಪುಟ

“ಅಳತೆಯನ್ನು ತಿದ್ದುವುದು ಸುಳ್ಳಲ್ಲವೇ, ಗುರುಗಳೇ?”

ಪ್ರಬಂಧ ಒಪ್ಪಿಸುವ ಹಿಂದಿನ ದಿನ, ತಾನು ತಿದ್ದಿದ ಅಳತೆಗಳ ಪಟ್ಟಿಯನ್ನು ಮುಂದಿಟ್ಟು ಶಿಷ್ಯೆ ಭಾರ್ಗವಿ ಹೀಗೆ ಕೇಳಿದಳು. ಗುರುಗಳು ಒಂದು ಕತೆ ಹೇಳಿದರು.

ಒಂದು ಬೆಟ್ಟದ ಮೇಲೆ ಒಬ್ಬ ಎಣಿಕೆಗಾರ್ತಿ ಇದ್ದಳು. ನಕ್ಷತ್ರಗಳಾಚೆಯಿಂದ ಬಂದು ನೆಲ ಮುಟ್ಟುವ ವಿಶ್ವಕಿರಣಗಳನ್ನು ಅವಳ ಯಂತ್ರ ಎಣಿಸುತ್ತಿತ್ತು. ಗಂಟೆಗೊಮ್ಮೆ ಅದು ತೋರಿಸಿದ ಸಂಖ್ಯೆಯನ್ನು ಅವಳು ಶಾಯಿಯಲ್ಲಿ ಬರೆಯುತ್ತಿದ್ದಳು. ತನ್ನ ಪುಸ್ತಕದಲ್ಲಿ ಒಂದು ತಿದ್ದುಪಡಿಯೂ ಇಲ್ಲವೆಂಬ ಹೆಮ್ಮೆ ಅವಳಿಗೆ.

ಒಮ್ಮೆ ಚಂಡಮಾರುತ ಬಂತು. ಮೋಡ ಕವಿದ ಮೂರು ದಿನವೂ ಎಣಿಕೆ ಏರಿತು. ಮೇಲಧಿಕಾರಿ ಪುಸ್ತಕ ನೋಡಿ ನಕ್ಕ.

“ಏನಮ್ಮ, ಮೋಡಕ್ಕೆ ತೂತು ಬಿದ್ದಿತ್ತೋ? ಬಿಸಿಲಿದ್ದಾಗ ಕಡಿಮೆ, ಮೋಡ ಮುಚ್ಚಿದಾಗ ಹೆಚ್ಚು! ಯಂತ್ರಕ್ಕೆ ನೀರು ಹೊಕ್ಕಿದೆ. ಆ ಮೂರು ಪುಟ ಹರಿದುಹಾಕಿ, ಹಿಂದಿನ ವಾರದ ಸಂಖ್ಯೆ ಬರೆದುಬಿಡಿ. ಆಗದಿದ್ದರೆ ಹೇಳಿ, ಯಂತ್ರವನ್ನೇ ಬೆಟ್ಟದಿಂದ ಇಳಿಸುತ್ತೇನೆ.”

“ಒಳಗೆ ಒಂದು ಹನಿಯೂ ಇಲ್ಲ ಸರ್, ನಾನೇ ಬಿಚ್ಚಿ ನೋಡಿದ್ದೇನೆ. ಒಂದು ತಿಂಗಳು ಕೊಡಿ.”

ಆತ ಹೋದ ಮೇಲೆ ಅವಳು ಯೋಚಿಸಿದಳು. ಮೋಡ ತಡೆಯುವುದಿಲ್ಲ, ಹಾಗಾದರೆ ತಡೆಯುವುದು ಯಾವುದು? ಊರಿನ ಹವಾಮಾನ ಕಚೇರಿಯಿಂದ ಗಂಟೆಗಂಟೆಯ ವಾಯುಭಾರ ತರಿಸಿ ಎಣಿಕೆಯ ಪಕ್ಕದಲ್ಲಿಟ್ಟು ನೋಡಿದಳು. ಮಾಪಕದ ಪಾದರಸ ಏರಿದಾಗಲೆಲ್ಲ ಎಣಿಕೆ ಇಳಿದಿತ್ತು, ಇಳಿದಾಗ ಏರಿತ್ತು. ಕಣ್ಣಿಗೆ ಕಾಣುವ ಮೋಡವಲ್ಲ, ಕಾಣದ ಗಾಳಿಯ ಭಾರ ಕಿರಣಗಳನ್ನು ತಡೆಯುತ್ತಿತ್ತು. ಚಂಡಮಾರುತದಲ್ಲಿ ಆ ಭಾರವೇ ತಗ್ಗಿತ್ತು.

ಇನ್ನು ಗಾಳಿಯ ಪಾಲನ್ನು ಕಳೆಯಬೇಕು. ಅಂದರೆ ತಿದ್ದಬೇಕು. ಲೇಖನಿ ಹಿಡಿದು ಅವಳು ಬಹಳ ಹೊತ್ತು ಕುಳಿತಳು. ಕೊನೆಗೆ ಹಳೆಯ ಸಂಖ್ಯೆಯನ್ನು ಮುಟ್ಟದೆ, ಅದರ ಪಕ್ಕದಲ್ಲಿ ಗೆರೆ ಎಳೆದು, ಹೊಸ ಸಂಖ್ಯೆಯನ್ನೂ ಕಳೆದ ಲೆಕ್ಕವನ್ನೂ ಬರೆದಳು.

ಚಂಡಮಾರುತದ ಏರಿಕೆ ಮಾಯವಾಯಿತು. ಆದರೆ ಮೂರನೆಯ ಪುಟದಲ್ಲಿ, ಏರಿಕೆಯ ಅಡಿಯಲ್ಲಿ ಅಡಗಿದ್ದ ಒಂದು ಸಣ್ಣ ಇಳಿಕೆ ಈಗ ಕಾಣಿಸಿತು. ಅದು ಗಾಳಿಯದಲ್ಲ. ಆ ದಿನ ಸೂರ್ಯನಿಂದ ಎದ್ದ ವಿದ್ಯುತ್ಕಣಗಳ ಬಿರುಗಾಳಿ ಭೂಮಿಯನ್ನು ದಾಟಿ ಹೋಗಿತ್ತು. ದೂರದಿಂದ ಬರುವ ಕಿರಣಗಳನ್ನು ಅದು ಆಚೆಯೇ ತಳ್ಳಿತ್ತು. ಮೇಲಧಿಕಾರಿ ಎರಡೂ ಸಾಲುಗಳನ್ನು ಓದಿದ. ಯಂತ್ರ ಬೆಟ್ಟದ ಮೇಲೆಯೇ ಉಳಿಯಿತು.

ಭಾರ್ಗವಿಯ ಮುಖ ಅರಳಿತು. “ಹಾಗಾದರೆ ತಿದ್ದಬಹುದು!”

“ತಿದ್ದಬಹುದು, ಮಗಳೇ, ನೀನು ಅಳಿಸಿದ ಸಂಖ್ಯೆಗಳನ್ನು ಈಗ ನನಗೆ ಓದಿ ಹೇಳು.”