ಮುಚ್ಚಳದಾಚೆಯ ಹುರುಳಿ ಹಿಟ್ಟು

ಗೇರುಹಣ್ಣಿನ ರಸ ತುಂಬಿದ ಭರಣಿಯೊಳಗೆ ಯೀಸ್ಟು ಸಂಸಾರ ಹೂಡಿತ್ತು. ರಸ ಹುಳಿ ಬರಿಸಿ ವಿನೆಗರ್ ಮಾಡುವ ಸೆವ್ರಿನಮ್ಮ ಒಂದು ಹಿಡಿ ಮೊಳಕೆ ಹುರುಳಿಯ ಹಿಟ್ಟು ತಂದು ಭರಣಿಯ ಪಕ್ಕದಲ್ಲಿಟ್ಟರು.

“ಯಾರದು?” ಎಂದು ಯೀಸ್ಟು ಒಳಗಿನಿಂದಲೇ ಕೇಳಿತು.

“ಹುರುಳಿ ಹಿಟ್ಟು. ನಿಮ್ಮ ಮೈಗೆ ಕಸುವು ಕೊಡಲು ಬಂದಿದ್ದೇನೆ.”

“ಇಲ್ಲಿ ಕುತ್ತಿಗೆಮಟ್ಟ ಸಕ್ಕರೆ ಇದೆ. ಅದರಲ್ಲಿ ಪಾಲು ಕೇಳಲು ಬಂದೆಯಲ್ಲವೇ?”

“ಸಕ್ಕರೆ ನನಗೆ ಬೇಡ. ಆದರೆ ಬರೀ ಸಕ್ಕರೆ ತಿಂದು ನಿಮ್ಮ ಸಂಸಾರ ಬೆಳೆಯದು.”

“ಏನೂ ಬೇಡ ಎನ್ನುವವರ ಮೇಲೇ ನನಗೆ ಹೆಚ್ಚು ಅನುಮಾನ” ಎಂದ ಯೀಸ್ಟು, ಬಿಗಿಯಾಗಿ ಕೂರುವಂತೆ ಮುಚ್ಚಳಕ್ಕೆ ಹೇಳಿತು. ಸೆವ್ರಿನಮ್ಮ ಎಷ್ಟು ಎಳೆದರೂ ಮುಚ್ಚಳ ಬರಲಿಲ್ಲ.

ನಾಲ್ಕನೇ ದಿನ ಭರಣಿಯಲ್ಲಿ ಗುಳ್ಳೆ ಏಳುವುದು ನಿಂತಿತು. ರಸ ಇನ್ನೂ ಸಿಹಿಯಾಗಿಯೇ ಇತ್ತು, ಆದರೆ ಅದನ್ನು ತಿನ್ನುವ ತ್ರಾಣ ಯೀಸ್ಟಿಗೆ ಉಳಿದಿರಲಿಲ್ಲ. ಒಳಗೆಲ್ಲ ಕೊಳೆತ ಮೊಟ್ಟೆಯ ನಾತ ತುಂಬಿತು.

“ನೋಡಿದೆಯಾ, ಆ ಹಿಟ್ಟು ಹೇಗೋ ಒಳಗೆ ನುಸುಳಿ ನಾರುತ್ತಿದೆ” ಎಂದು ಯೀಸ್ಟು ಏದುಸಿರು ಬಿಡುತ್ತ ಮುಚ್ಚಳಕ್ಕೆ ಹೇಳಿತು.

“ಅದನ್ನು ಸೆವ್ರಿನಮ್ಮ ಆವತ್ತೇ ಪಕ್ಕದ ಭರಣಿಗೆ ಹಾಕಿದರು” ಎಂದಿತು ಮುಚ್ಚಳ. “ಅಲ್ಲಿ ಇನ್ನೂ ಗುಳ್ಳೆ ಏಳುತ್ತಿದೆ. ಇಲ್ಲಿ ಕಸುವಿಲ್ಲದೆ ಸೊರಗಿ ನಾರುತ್ತಿರುವುದು ನೀನೇ.”